ಏಳನೇ ಪಾಠದವರೆಗೆ

(ಸ್ವಯಂಸೇವಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ತಡವರಿಸಿದ ಕಡೆ ವಾಕ್ಯಗಳನ್ನು ಅಷ್ಟಿಷ್ಟು ಸರಿಮಾಡಿದ್ದೇನೆ. ಅದಕ್ಕಿಂತ ಜಾಸ್ತಿ ತಿದ್ದಲು ಮನಸ್ಸು ಬರಲಿಲ್ಲ. ಯಾಕೆ ಅನ್ನುವುದು ಓದುತ್ತಾ ಗೊತ್ತಾಗುತ್ತದೆ.)

ಎಲ್ಲರಿಗೂ ನಮಸ್ಕಾರ.

ಅವನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಇಲ್ಲಿ ಕೂತಿರುವ ಹೆಚ್ಚಿನವರಿಗೆ ಗೊತ್ತೇ ಇದೆ. ಆದರೆ ಈ ಮಾತುಗಳು ಆಮೇಲೆ ಬರಹವಾಗಿ ಹೊರಗೆ ಹೋಗುತ್ತವೆ. ಹೆಸರು ಬೇಡ ಅಂತ ಅವನ ಅಮ್ಮ ಕೇಳಿಕೊಂಡಿದ್ದಾರೆ. ಹಾಗಾಗಿ ‘ಅವನು’ ಅಂತಲೇ ಕರೆಯುತ್ತೇನೆ. ಅವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನು ನನ್ನನ್ನು ಅಕ್ಕ ಅನ್ನುತ್ತಿದ್ದ, ನಾನು ಅವನನ್ನು ಹೋಗೋ ಬಾರೋ ಅನ್ನುತ್ತಿದ್ದೆ. ತೀರಿಕೊಂಡ ಅಂತ ಈಗ ಇದ್ದಕ್ಕಿದ್ದ ಹಾಗೆ ‘ಅವರು’ ಅಂದುಬಿಟ್ಟರೆ ನನಗೆ ಅವನು ಇನ್ನಷ್ಟು ದೂರ ಹೋದ ಹಾಗಾಗುತ್ತದೆ.

ಅವನು ಹೋಗಿ ಒಂದು ವರ್ಷ ಆಯಿತು. ಆಗ ಅವನಿಗೆ ಇಪ್ಪತ್ತನಾಲ್ಕು.

ಹೊಸಬರು ಕೆಲವರು ಬಂದಿದ್ದೀರಿ. ನಿಮಗಾಗಿ ನಮ್ಮ ಕೆಲಸದ ಬಗ್ಗೆ ಎರಡು ಮಾತು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ನಾವು ಪಾಠಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತೇವೆ. ಅಷ್ಟೇ ಕೆಲಸ. ‘ಈಗ ಫೋನೇ ಓದುತ್ತದಲ್ಲ, ನೀವ್ಯಾಕೆ?’ ಅಂತ ಕೇಳುವವರಿದ್ದಾರೆ. ಅಕ್ಷರ ಸರಿಯಾಗಿ ಟೈಪ್ ಆಗಿದ್ದರೆ ಫೋನ್ ಚೆನ್ನಾಗಿಯೇ ಓದುತ್ತದೆ. ಆದರೆ ಹಳೆಯ ಪುಸ್ತಕದ ಫೋಟೊ ಕೊಟ್ಟು ನೋಡಿ. ಎರಡು ಕಾಲಂ ಒಂದಕ್ಕೊಂದು ಬೆರೆತುಹೋಗುತ್ತವೆ. ಕೋಷ್ಟಕ ಬಂದರೆ ಬರೀ ಅಂಕಿಗಳ ಮಳೆ. ಚಿತ್ರ ಬಂದರೆ ಮೌನ. ಆ ಮೌನ ಇದೆಯಲ್ಲ, ಅಲ್ಲೇ ನಮ್ಮ ಕೆಲಸ ಇರುವುದು.

ಹೊಸದಾಗಿ ಸೇರಿದವರಿಗೆ ಮೊದಲ ದಿನ ಈ ಕೆಲಸದ ಹಿಂದಿನ ಕಥೆ ಹೇಳುವುದು ಅವನ ಪಾಲಿಗೆ ಬಂದಿತ್ತು. ನಾವು ಒಪ್ಪಿಸಿದ್ದಲ್ಲ, ಅವನೇ ವಹಿಸಿಕೊಂಡಿದ್ದ. 1935ರಲ್ಲಿ ಬ್ರಿಟನ್ನಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಪುಸ್ತಕಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಓದಿಸಿದ್ದು. ಆಮೇಲೆ 1948ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಆ್ಯನ್ ಮೆಕ್‌ಡೊನಾಲ್ಡ್ ಅನ್ನುವ ಹೆಂಗಸು ಸ್ವಯಂಸೇವಕರನ್ನು ಸೇರಿಸಿದ್ದು. ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಹೋದ ಹುಡುಗರು ಕಾಲೇಜು ಓದಬೇಕು ಅಂತಿದ್ದರು, ಪಾಠಪುಸ್ತಕ ಓದಿ ಹೇಳುವವರು ಇರಲಿಲ್ಲ. ಈ ಕಥೆ ಮುಗಿಸಿ ಅವನು ಹೊಸಬರನ್ನು ನೋಡಿ ಹೇಳುತ್ತಿದ್ದ: ‘ಅವರು ಓದಿದ್ದೂ ಪಾಠಪುಸ್ತಕಾನೇ. ಕಥೆ ಪುಸ್ತಕ ಓದೋಕೆ ಬಂದಿದ್ರೆ ಈಗಲೇ ಹೇಳಿಬಿಡಿ, ನಿಮಗೆ ಮೊದಲು ಕೊಡೋದು ಲೆಕ್ಕಶಾಸ್ತ್ರ.’

ಅವನು ಸೇರಿದಾಗ ಅವನ ಓದು ಚೆನ್ನಾಗಿರಲಿಲ್ಲ. ಇದನ್ನು ಹೇಳಲೇಬೇಕು. ಅವಸರದ ಓದು. ಹಕಾರ ಎಷ್ಟೋ ಸಲ ಅಕಾರ ಆಗುತ್ತಿತ್ತು. ಶ, ಷ, ಸ ಮೂರೂ ಒಂದೇ. ಮಹಾಪ್ರಾಣ ಅಂತೂ ಇಲ್ಲವೇ ಇಲ್ಲ. ನಾವು ನೀವು ಮಾತಾಡುವಾಗ ಇದರಿಂದ ಏನೂ ತೊಂದರೆ ಇಲ್ಲ. ಆದರೆ ನಮ್ಮ ಕೇಳುಗರಲ್ಲಿ ಎಷ್ಟೋ ಮಂದಿಗೆ ಕಾಗುಣಿತ ಬರುವುದೇ ಕಿವಿಯಿಂದ. ನಾಳೆ ಪರೀಕ್ಷೆಯಲ್ಲಿ ಅವರು ಟೈಪ್ ಮಾಡಬೇಕು. ‘ಭಾಷೆ’ಯಲ್ಲಿ ಯಾವ ಷ, ‘ಶಾಲೆ’ಯಲ್ಲಿ ಯಾವ ಶ ಅಂತ ಓದುವವನ ನಾಲಿಗೆಯೇ ಹೇಳಿಕೊಡಬೇಕು. ಇದನ್ನು ನಾನು ಅವನಿಗೆ ಹೇಳಿದಾಗ ಅವನಿಗೆ ಸಿಟ್ಟು ಬಂತು. ‘ನಮ್ಮ ಮನೇಲಿ ಎಲ್ಲರೂ ಹೀಗೇ ಮಾತಾಡೋದು’ ಅಂದ. ಎರಡು ವಾರ ಬರಲಿಲ್ಲ. ನಾನು ಅವನು ಹೋದ ಅಂತಲೇ ತಿಳಿದೆ.

ಮೂರನೇ ವಾರ ಬಂದ. ಬಂದವನೇ ಒಂದು ಫೈಲ್ ಕೇಳಿಸಿದ. ಮನೆಯಲ್ಲಿ ತಂಗಿಯನ್ನು ಎದುರಿಗೆ ಕೂರಿಸಿಕೊಂಡು, ಅವಳ ಕೈಗೆ ಪುಸ್ತಕ ಕೊಟ್ಟು, ಒಂದೊಂದು ತಪ್ಪಿಗೂ ಮೇಜು ತಟ್ಟು ಅಂತ ಹೇಳಿ ಓದಿದ್ದ. ಇಪ್ಪತ್ತು ನಿಮಿಷದ ಆ ಫೈಲಿನಲ್ಲಿ ಓದಿಗಿಂತ ಮೇಜು ತಟ್ಟಿದ ಸದ್ದೇ ಜಾಸ್ತಿ ಇತ್ತು.

ಆ ಫೈಲ್ ಈಗ ಇಲ್ಲ. ನಾನೇ ಅಳಿಸಿದೆ. ನಮ್ಮ ಪದ್ಧತಿ ಹಾಗಿತ್ತು. ಮೊದಲು ಕಚ್ಚಾ ರೆಕಾರ್ಡಿಂಗ್ ಬರುತ್ತದೆ. ಅದರಲ್ಲಿ ಕೆಮ್ಮು ಇರುತ್ತದೆ, ತಡವರಿಕೆ ಇರುತ್ತದೆ, ‘ಕ್ಷಮಿಸಿ, ಮತ್ತೆ ಓದ್ತೀನಿ’ ಇರುತ್ತದೆ, ಹಾಳೆ ತಿರುಗಿಸುವ ಸದ್ದು, ಹೊರಗಿನ ಹಾರ್ನ್ ಎಲ್ಲ ಇರುತ್ತವೆ. ನಾವು ಅದನ್ನೆಲ್ಲ ಕತ್ತರಿಸಿ ಶುದ್ಧ ಪ್ರತಿ ಮಾಡುತ್ತೇವೆ. ಪಾಠದಿಂದ ಪಾಠಕ್ಕೆ, ಪುಟದಿಂದ ಪುಟಕ್ಕೆ ಜಿಗಿಯಲು ಆಗುವ ಹಾಗೆ ಗುರುತು ಹಾಕುತ್ತೇವೆ. ಶುದ್ಧ ಪ್ರತಿ ಸಿದ್ಧವಾದ ಮೇಲೆ ಕಚ್ಚಾ ಫೈಲ್ ಅಳಿಸಿಬಿಡುತ್ತೇವೆ. ಜಾಗ ಬೇಕಲ್ಲ.

ಆ ದಿನದ ವಿಷಯಕ್ಕೆ ಬರುತ್ತೇನೆ.

ಭಾನುವಾರ ರಾತ್ರಿ ಹನ್ನೊಂದಕ್ಕೆ ನಾನು ಅವನಿಗೆ ಒಂದು ಮೆಸೇಜ್ ಕಳಿಸಿದೆ. ವಿಜ್ಞಾನ ಪುಸ್ತಕದ ಎಂಟನೇ ಪಾಠ ಯಾವಾಗ ಕೊಡುತ್ತೀಯ, ಪರೀಕ್ಷೆ ಹತ್ತಿರ ಬಂತು, ಅಂತ. ‘ಆಯ್ತಕ್ಕ, ಈ ವಾರ ಮುಗಿಸ್ತೀನಿ’ ಅಂತ ಉತ್ತರ ಬಂತು. ಅದರ ಕೆಳಗೆ ಮತ್ತೊಂದು: ‘ನೀವು ಮಲಗಿ.’

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಮುಂಚೆ ಅವನ ಫೋನಿನಿಂದಲೇ ಕರೆ ಬಂತು. ‘ಏನೋ, ಇಷ್ಟು ಬೇಗ ಎದ್ದೆ?’ ಅಂದೆ. ಆ ಕಡೆ ಇದ್ದಿದ್ದು ಅವನ ತಂಗಿ.

ನಿದ್ದೆಯಲ್ಲೇ ಹೋಗಿದ್ದ. ಅಮ್ಮ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ನಾವು ಆರು ಜನ ಅವರ ಮನೆಗೆ ಹೋದೆವು. ಬಾಗಿಲಲ್ಲಿ ಹಿರಿಯರೊಬ್ಬರು ನಿಂತಿದ್ದರು. ‘ನೀವು ಯಾರಾಗಬೇಕು?’ ಅಂದರು. ‘ಜೊತೆಗೆ ಕೆಲಸ ಮಾಡೋರು’ ಅಂದೆ. ‘ಓ, ಆಫೀಸಿನವರಾ?’ ಅಂದರು. ಅಲ್ಲ ಅಂದೆ. ಅವರು ಇನ್ನೇನೋ ಕೇಳುವವರಿದ್ದರು, ಯಾರೋ ಕರೆದರು, ಹೋದರು. ಅವರದೇನೂ ತಪ್ಪಿಲ್ಲ. ಆದರೆ ‘ನೀವು ಯಾರಾಗಬೇಕು’ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕ ಅನ್ನುತ್ತಿದ್ದ ನಿಜ, ನಾನು ಅಕ್ಕ ಅಲ್ಲ. ಗೆಳೆಯರ ಗುಂಪೇ ಅಂದರೆ ನಾವು ಒಟ್ಟಿಗೆ ಎಲ್ಲಿಗೂ ಹೋದವರಲ್ಲ. ಸಂಬಳ ಇಲ್ಲ, ಹಾಗಾಗಿ ಸಹೋದ್ಯೋಗಿಗಳೂ ಅಲ್ಲ. ನಾಲ್ಕು ವರ್ಷ, ವಾರಕ್ಕೆ ಎರಡು ಸಂಜೆ, ಗೋಡೆಗೆಲ್ಲ ಕಂಬಳಿ ಹೊಡೆದ ಒಂದು ಸಣ್ಣ ಕೋಣೆಯ ಹೊರಗೆ ಹೆಡ್‌ಫೋನ್ ಹಾಕಿ ಕೂತು ಅವನ ಉಸಿರಾಟ ಕೇಳಿದವಳು ನಾನು. ಇದಕ್ಕೆ ಯಾವ ಸಂಬಂಧದ ಹೆಸರಿದೆ?

ನಾವು ಹಿಂದಿನ ಸಾಲಿನಲ್ಲಿ ನಿಂತು ಬಂದೆವು. ಮಾರನೇ ದಿನ ಎಲ್ಲರೂ ಅವರವರ ಕೆಲಸಕ್ಕೆ ಹೋದೆವು. ರಜೆ ಕೇಳಲು ಕಾರಣ ಏನು ಅಂತ ಬರೆಯುವುದು? ನಮ್ಮ ಗುಂಪಿನ ಒಬ್ಬಳು ಕಚೇರಿಯ ಶೌಚಾಲಯದಲ್ಲಿ ನಿಂತು ಅತ್ತು ಮುಖ ತೊಳೆದುಕೊಂಡು ಬಂದೆ ಅಂತ ತಿಂಗಳಾದ ಮೇಲೆ ನನಗೆ ಹೇಳಿದಳು. ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ ಅನ್ನುವ ವಿದ್ವಾಂಸರು 1989ರಲ್ಲೇ ಬರೆದಿದ್ದಾರೆ. ಸುತ್ತಲಿನವರು ದುಃಖ ಅಂತಲೇ ಒಪ್ಪದ ದುಃಖ. ಎಲ್ಲರೆದುರು ಅಳಲು ಹಕ್ಕಿಲ್ಲದ ದುಃಖ. ಇದನ್ನು ಓದಿದಾಗ ನನಗೆ ಸಮಾಧಾನವೇನೂ ಆಗಲಿಲ್ಲ. ಆದರೆ ಅಂಥದ್ದೊಂದು ಇದೆ, ನಾನು ಸುಮ್ನೆ ಜಾಸ್ತಿ ಮಾಡಿಕೊಳ್ಳುತ್ತಿಲ್ಲ ಅಂತ ಗೊತ್ತಾಯಿತು. ನಿಮ್ಮಲ್ಲಿ ಯಾರಿಗಾದರೂ ಈ ವರ್ಷ ಹಾಗೆ ಅನಿಸಿದ್ದರೆ, ನೀವೂ ಜಾಸ್ತಿ ಮಾಡಿಕೊಳ್ಳುತ್ತಿಲ್ಲ.

ನಾವೇ ಹಿಂದಿನ ಸಾಲಿನಲ್ಲಿ ನಿಂತೆವು ಅಂದೆ. ನಮ್ಮ ಹಿಂದೆ ಇನ್ನೂ ಒಂದು ಸಾಲಿತ್ತು. ಅದು ನನಗೆ ಕಾಣಲಿಲ್ಲ. ಈ ತಪ್ಪು ಪೂರ್ತಿ ನನ್ನದು.

ಅವನು ಹೋಗಿ ಹದಿನೈದು ದಿನ ಆಗಿತ್ತು. ಒಬ್ಬಳು ಹುಡುಗಿ ಫೋನ್ ಮಾಡಿದಳು. ವಿಜ್ಞಾನ ಪುಸ್ತಕ ಕೇಳುತ್ತಿದ್ದವಳು. ‘ಮೇಡಂ, ಏಳನೇ ಪಾಠ ಮುಗೀತು. ಎಂಟು ಬಂದಿಲ್ಲ. ಸರ್‌ಗೆ ಹುಷಾರಿಲ್ವಾ?’ ಅಂದಳು. ಕೇಳುಗರಿಗೆ ನಾವು ತಿಳಿಸಿಯೇ ಇರಲಿಲ್ಲ! ನೂರಾರು ಗಂಟೆ ಅವನ ದನಿಯನ್ನು ಕಿವಿಯೊಳಗೆ ಇಟ್ಟುಕೊಂಡು ಓದಿದವರು. ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಅಂತ ಬಲ್ಲವರು. ಅವರಿಗೆ ಹೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ನಾನು ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅವಳು ಅಂದಳು, ‘ಇವತ್ತು ಬೆಳಿಗ್ಗೆ ಕೂಡ ಅವರ ಹತ್ತಿರ ಪಾಠ ಕೇಳಿದೆನಲ್ಲ ಮೇಡಂ.’

ಈಗ ಅವಳೇ ನಮ್ಮ ಗುಂಪಿನಲ್ಲಿದ್ದಾಳೆ. ಶುದ್ಧ ಪ್ರತಿಯನ್ನು ಕೊನೆಯ ಸಲ ಕೇಳಿ ತಪ್ಪು ಹಿಡಿಯುವುದು ಅವಳ ಕೆಲಸ. ಅವನಿಗೂ ಅವಳಿಗೂ ಒಂದೇ ಒಂದು ಸಲ ಮಾತಾಗಿತ್ತು. ಅದನ್ನು ಹೇಳುತ್ತೇನೆ, ಅದು ನನಗೆ ಇಷ್ಟವಾದ ಪ್ರಸಂಗ.

ಆ ವಿಜ್ಞಾನ ಪುಸ್ತಕದಲ್ಲಿ ಕಣ್ಣಿನ ಪಾಠ ಇತ್ತು. ಅರ್ಧ ಪುಟದ ಚಿತ್ರ. ಅವನು ಅದರ ಮುಂದೆ ಎರಡು ಸಂಜೆ ಸುಮ್ಮನೆ ಕೂತ. ‘ಅಕ್ಕ, ಹುಟ್ಟಿನಿಂದ ಕಣ್ಣು ಕಾಣದೇ ಇರೋರಿಗೆ ಕಣ್ಣನ್ನು ಹೇಗೆ ವಿವರಿಸೋದು? ಅವರಿಗೆ ಬೇಜಾರಾಗಲ್ವಾ?’ ಅಂದ. ನನಗೂ ಗೊತ್ತಾಗಲಿಲ್ಲ. ಕೊನೆಗೆ ಕೇಳುಗರನ್ನೇ ಕೇಳೋಣ ಅಂತ ಈ ಹುಡುಗಿಗೆ ಫೋನ್ ಮಾಡಿದ. ಅವಳು ಅಂದಳಂತೆ: ‘ಬೇಜಾರು ಯಾಕೆ ಸರ್? ಮೂತ್ರಪಿಂಡಾನ ನೀವೂ ನೋಡಿಲ್ಲ, ಆದ್ರೂ ಓದಲಿಲ್ವಾ? ಗುಂಡಗಿದೆಯಾ, ಎಷ್ಟು ದೊಡ್ಡದು, ಮುಂದೆ ಏನಿದೆ, ಹಿಂದೆ ಏನಿದೆ, ಅಷ್ಟು ಹೇಳಿ.’

ಅವನು ಫೋನ್ ಇಟ್ಟು ನಕ್ಕ. ಆಮೇಲೆ ಕೂತು ಬರೆದ. ಟೇಬಲ್ ಟೆನ್ನಿಸ್ ಚೆಂಡಿನ ಅಡ್ಡಳತೆ 40 ಮಿಲಿಮೀಟರ್, ಕಣ್ಣುಗುಡ್ಡೆಯದು ಸುಮಾರು 24. ಹಾಗಾಗಿ ‘ಟೇಬಲ್ ಟೆನ್ನಿಸ್ ಚೆಂಡನ್ನು ಕೈಯಲ್ಲಿ ಹಿಡಿದುಕೊಳ್ಳಿ, ಕಣ್ಣುಗುಡ್ಡೆಯ ಅಡ್ಡಳತೆ ಅದರ ಅರ್ಧಕ್ಕಿಂತ ತುಸು ಜಾಸ್ತಿ’ ಅಂತ ಶುರುಮಾಡಿದ. ಮುಂದೆ ಗಡಿಯಾರದ ಗಾಜಿನ ಹಾಗೆ ಉಬ್ಬಿದ ಪಾರದರ್ಶಕ ಪೊರೆ. ಅದರ ಹಿಂದೆ ಪರದೆ, ಪರದೆಯ ನಡುವೆ ತೂತು, ಬೆಳಕು ಜಾಸ್ತಿಯಾದರೆ ಕಿರಿದಾಗುವ ತೂತು. ಅದರ ಹಿಂದೆ ಮಸೂರ. ಹಿಂದಿನ ಒಳಗೋಡೆಗೆ ಅಂಟಿಕೊಂಡ ತೆಳು ಹಾಳೆ, ಅಲ್ಲಿಂದ ಮಿದುಳಿಗೆ ಹೋಗುವ ನರ. ‘ಆ ನರ ಹೊರಡುವ ಜಾಗದಲ್ಲಿ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ. ಅದಕ್ಕೆ ಕುರುಡು ಚುಕ್ಕೆ ಅಂತ ಹೆಸರು’ ಅಂತ ಓದಿ ಒಂದು ಕ್ಷಣ ನಿಲ್ಲಿಸಿದ. ಪುಸ್ತಕದಲ್ಲಿ ಆ ನಿಲುಗಡೆ ಇರಲಿಲ್ಲ. ಕತ್ತರಿಸಲೇ ಅಂತ ಕೇಳಿದೆ, ಬೇಡ ಅಂದ. ಅದು ಈಗಲೂ ಶುದ್ಧ ಪ್ರತಿಯಲ್ಲಿದೆ. ಏಳನೇ ಪಾಠ ಅದೇ.

ಅವನು ತೀರಿಕೊಂಡ ಮೇಲೆ ಬಂದ ಸಂದೇಶಗಳನ್ನೆಲ್ಲ ನಾನು ಓದಿದೆ. ಪ್ರೀತಿಯಿಂದಲೇ ಬರೆದಿದ್ದರು. ‘ಸದಾ ನಗುಮುಖ.’ ‘ಯಾವತ್ತೂ ಇಲ್ಲ ಅಂದವನಲ್ಲ.’ ‘ಸಿಟ್ಟು ಅನ್ನುವುದೇ ಗೊತ್ತಿರಲಿಲ್ಲ.’ ಓದುತ್ತಾ ಓದುತ್ತಾ ನನಗೆ ಸಂಕಟವಾಯಿತು. ಇದು ಯಾರು? ಅವನಿಗೆ ಸಿಟ್ಟು ಬರುತ್ತಿತ್ತು. ಇಲ್ಲ ಅನ್ನುತ್ತಿದ್ದ, ಗಟ್ಟಿಯಾಗಿಯೇ ಅನ್ನುತ್ತಿದ್ದ. ತಡವಾಗಿ ಬರುತ್ತಿದ್ದ. ಕೋಣೆಯ ಫ್ಯಾನ್ ವಿಷಯಕ್ಕೆ ಎಲ್ಲರ ಜೊತೆ ಜಗಳ ಆಡುತ್ತಿದ್ದ. ಫ್ಯಾನ್ ಸದ್ದು ಮೈಕಿನಲ್ಲಿ ಬರುತ್ತದೆ, ಆಫ್ ಮಾಡಿ ಅನ್ನುವುದು ಅವನ ವಾದ. ಬೇಸಿಗೆಯಲ್ಲಿ ಕಂಬಳಿ ಕೋಣೆಯೊಳಗೆ ಬೆವರು ಸುರಿಸುತ್ತಾ ಓದುತ್ತಿದ್ದ, ಹೊರಗೆ ಕೂತವರ ಫ್ಯಾನ್ ಕೂಡ ಬಿಡುತ್ತಿರಲಿಲ್ಲ. ಗುಂಪಿನ ಹಿರಿಯರೊಬ್ಬರು ಇದೇ ವಿಷಯಕ್ಕೆ ಮುನಿಸಿಕೊಂಡು ಎರಡು ತಿಂಗಳು ಬರಲಿಲ್ಲ. ಅವರ ಮನೆಗೆ ಹೋಗಿ ಕ್ಷಮೆ ಕೇಳು ಅಂದರೆ ಹೋದ. ಹೋಗಿ ಅಲ್ಲೂ ಅದೇ ವಾದ ಮಾಡಿ ಬಂದ.

ತೀರಿಕೊಂಡವರ ಬಗ್ಗೆ ನಾವು ಮಾಡುವುದು ನಮ್ಮ ಸ್ಟುಡಿಯೊ ಕೆಲಸವನ್ನೇ ಅನಿಸುತ್ತದೆ. ಕೆಮ್ಮು ಕತ್ತರಿಸುತ್ತೇವೆ, ತಡವರಿಕೆ ಕತ್ತರಿಸುತ್ತೇವೆ, ಜಗಳ ಕತ್ತರಿಸುತ್ತೇವೆ, ಶುದ್ಧ ಪ್ರತಿ ಇಟ್ಟುಕೊಂಡು ಕಚ್ಚಾ ಫೈಲ್ ಅಳಿಸುತ್ತೇವೆ. ಪಾಠಪುಸ್ತಕಕ್ಕೆ ಅದು ಸರಿ. ಮನುಷ್ಯನಿಗೆ ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ನನಗೆ ಬೇಕಿರುವುದು ಆ ಮೇಜು ತಟ್ಟುವ ಫೈಲು. ಅದನ್ನೇ ನಾನು ಅಳಿಸಿದೆ.

ಇನ್ನೊಂದು ವಿಷಯ ಹೇಳಬೇಕು. ಇದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇತ್ತು, ಈಗಲೂ ಇರಬಹುದು.

ಪುಸ್ತಕದಲ್ಲಿ ಇನ್ನೂ ಎಂಟು ಪಾಠ ಬಾಕಿ ಇದ್ದವು. ಅರ್ಧ ಪುಸ್ತಕ ಒಂದು ದನಿ, ಅರ್ಧ ಇನ್ನೊಂದು ದನಿ ಆದರೆ ಮಕ್ಕಳಿಗೆ ಕಷ್ಟ ಅಲ್ವಾ ಅಂತ ಮಾತು ಬಂತು. ಆಗ ಒಬ್ಬರು ಹೇಳಿದರು, ಅವನ ನೂರಾರು ಗಂಟೆ ರೆಕಾರ್ಡಿಂಗ್ ನಮ್ಮ ಹತ್ತಿರ ಇದೆ, ಈಗಿನ ತಂತ್ರಜ್ಞಾನಕ್ಕೆ ಅದರಲ್ಲಿ ಒಂದಿಷ್ಟು ಸಾಕು, ಉಳಿದ ಪಾಠಗಳನ್ನು ಅವನ ದನಿಯಲ್ಲೇ ಕಂಪ್ಯೂಟರ್ ಓದುತ್ತದೆ, ಅಂತ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನು ಇನ್ನೂ ಸ್ವಲ್ಪ ದಿನ ಇರಲಿ ಅನ್ನುವ ಆಸೆಯಿಂದ ಹೇಳಿದ್ದು. ಒಂದು ರಾತ್ರಿ ನನಗೂ ಅದು ಸರಿ ಅನಿಸಿತ್ತು.

ಆ ರಾತ್ರಿ ಲಂಡನ್ನಿನ ಒಂದು ಘಟನೆ ನೆನಪಾಯಿತು. ಅಲ್ಲಿ ಆಸ್ವಾಲ್ಡ್ ಲಾರೆನ್ಸ್ ಅನ್ನುವ ನಟ ಇದ್ದರು. ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಂದಿ ಇದೆ, ಜೋಪಾನ ಅಂತ ಅವರು ಎಂದೋ ರೆಕಾರ್ಡ್ ಮಾಡಿದ್ದ ದನಿ ಅಲ್ಲಿನ ಸುರಂಗ ರೈಲಿನ ನಿಲ್ದಾಣಗಳಲ್ಲಿ ಮೊಳಗುತ್ತಿತ್ತು. 2007ರಲ್ಲಿ ಅವರು ತೀರಿಕೊಂಡರು. ಹೆಂಡತಿ ಮಾರ್ಗರೆಟ್ ಮೆಕಾಲಮ್ ಎಂಬ್ಯಾಂಕ್‌ಮೆಂಟ್ ನಿಲ್ದಾಣದಲ್ಲಿ ಕೂತು ಆ ದನಿ ಕೇಳಿ ಬರುತ್ತಿದ್ದರು. 2012ರ ಕೊನೆಗೆ ಹೊಸ ವ್ಯವಸ್ಥೆ ಬಂತು, ದನಿ ನಿಂತುಹೋಯಿತು. ಅವರು ಹೋಗಿ ಕೇಳಿಕೊಂಡರು. 2013ರಲ್ಲಿ ಆ ಒಂದು ನಿಲ್ದಾಣದಲ್ಲಿ ಹಳೆಯ ದನಿಯನ್ನು ವಾಪಸ್ ತಂದರು. ಅವರು ಕೇಳಿದ್ದು ಇಷ್ಟೇ ನೋಡಿ: ಗಂಡ ನಿಜವಾಗಿ ಆಡಿದ್ದ ಆ ಒಂದು ಮಾತು. ಅದು ಬರೀ ರೈಲ್ವೆ ಸೂಚನೆ, ಆದರೆ ಆ ಮಾತಾಡುವಾಗ ಎಳೆದುಕೊಂಡ ಉಸಿರು ಅವರದು.

ನಾನು ಮಾರನೇ ದಿನ ಆ ಹುಡುಗಿಯನ್ನೇ ಕೇಳಿದೆ. ಅವಳು ಯೋಚಿಸಲೇ ಇಲ್ಲ. ‘ಅವರು ಓದದ ಪಾಠಾನ ಅವರ ಬಾಯಲ್ಲಿ ಹೇಳಿಸಬೇಡಿ ಮೇಡಂ. ಎಂಟನೇ ಪಾಠ ಬೇರೆಯವರು ಓದಲಿ. ದನಿ ಬದಲಾದ್ರೆ ನಮಗೆ ಗೊತ್ತಾಗುತ್ತೆ. ಗೊತ್ತಾಗಬೇಕು ಕೂಡ’ ಅಂದಳು. ಅವನ ಅಮ್ಮನೂ ಬೇಡ ಅಂದರು. ಅವನು ಬದುಕಿದ್ದಾಗ ಇದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಈಗ ಕೇಳಲು ಆಗುವುದಿಲ್ಲ. ನನ್ನ ಮಟ್ಟಿಗೆ ಅಲ್ಲಿಗೆ ಆ ಮಾತು ಮುಗಿಯಿತು. ಈ ಪುಸ್ತಕ ಈಗ ಎರಡು ದನಿಯಲ್ಲಿದೆ. ಎಂಟನೇ ಪಾಠದ ಮೊದಲು ಒಂದು ವಾಕ್ಯ ಸೇರಿಸಿದ್ದೇವೆ: ‘ಇಲ್ಲಿಂದ ಓದುವವರು ಬೇರೆಯವರು.’ ಅಷ್ಟೇ.

ಈಗ ನಾನು ಹೇಳಲು ಕಷ್ಟಪಡುವ ಭಾಗ.

ಹೋಗುವುದಕ್ಕೆ ನಾಲ್ಕು ತಿಂಗಳ ಹಿಂದೆ ನಾವು ಕೋಣೆ ಬದಲಿಸಿದೆವು. ಪೆಟ್ಟಿಗೆಗಳನ್ನು ಹೊತ್ತು ಮೇಲಿನ ಮಹಡಿಗೆ ಸಾಗಿಸಬೇಕಿತ್ತು. ಅವನು ಎರಡನೇ ಸಲ ಹತ್ತುವಾಗ ಮೆಟ್ಟಿಲ ಮೇಲೆಯೇ ಕುಸಿದು ಕೂತ. ಕಣ್ಣು ಕತ್ತಲೆ ಬಂತು ಅಂದ. ಒಂದೆರಡು ಸೆಕೆಂಡ್ ಎಚ್ಚರವೂ ತಪ್ಪಿತ್ತು ಅಂತ ಈಗ ಅನಿಸುತ್ತದೆ. ನೀರು ಕೊಟ್ಟೆವು. ‘ರಾತ್ರಿ ಎಲ್ಲ ಎದ್ದಿರ್ತೀಯ, ನಿದ್ದೆ ಸಾಲದು’ ಅಂತ ನಾನೇ ಬೈದೆ. ಹತ್ತು ನಿಮಿಷಕ್ಕೆ ಎದ್ದು ನಿಂತ. ನಾವು ಮರೆತೆವು.

ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾದದ್ದು, ಅವನ ಹೃದಯದ ಸ್ನಾಯು ಇರಬೇಕಾದ್ದಕ್ಕಿಂತ ದಪ್ಪ ಇತ್ತು. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಅನ್ನುತ್ತಾರೆ. ಅಪರೂಪದ್ದೇನೂ ಅಲ್ಲ, ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಎಷ್ಟೋ ಮಂದಿಗೆ ಏನೂ ಆಗುವುದಿಲ್ಲ, ಪೂರ್ತಿ ಆಯಸ್ಸು ಬದುಕುತ್ತಾರೆ. ಕೆಲವರಲ್ಲಿ ಮಾತ್ರ ಹೃದಯದ ಬಡಿತದ ಲಯ ಒಮ್ಮೆಲೇ ಕೆಟ್ಟುಹೋಗುತ್ತದೆ. ಹೆಚ್ಚಾಗಿ ಇದು ವಂಶದಲ್ಲಿ ಬರುವಂಥದ್ದು. ತಂದೆ ತಾಯಿಯಲ್ಲಿ ಒಬ್ಬರಿಗೆ ಆ ಜೀನ್ ದೋಷ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಅಪ್ಪ, ಅಮ್ಮ, ತಂಗಿ ಮೂವರೂ ಇಸಿಜಿ, ಎಕೊ ಅನ್ನುವ ಹೃದಯದ ಪರೀಕ್ಷೆಗಳನ್ನು ಮಾಡಿಸಿಕೊಳ್ಳಲೇಬೇಕು ಅಂತ ಡಾಕ್ಟರು ಹೇಳಿದರು. ಮಾಡಿಸಿದರು. ತಂಗಿ ಈಗ ಡಾಕ್ಟರ ನಿಗಾದಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಇದನ್ನು ಹೇಳಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಹೇಳಲೇಬೇಕು ಅಂದಳು.

ಹುಡುಗರು ಹುಡುಗಿಯರು ಓಡುವಾಗ, ಹತ್ತುವಾಗ, ಭಾರ ಹೊರುವಾಗ ತಲೆ ಸುತ್ತಿ ಬಿದ್ದರೆ ನಿದ್ದೆ ಸಾಲದು ಅಂತ ನೀವೇ ತೀರ್ಮಾನ ಮಾಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಕಾರಣ ಗೊತ್ತಾಗದೆ ತೀರಿಕೊಂಡಿದ್ದರೆ ಅದನ್ನೂ ಹೇಳಿ. ಈ ಆರು ತಿಂಗಳಲ್ಲಿ ನಾವೆಲ್ಲ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವುದು, ಕಲಿತಿದ್ದೇವೆ. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ ಒತ್ತಬೇಕು. ಕಲಿಯುವಾಗ ನಮಗೆ ಗೊತ್ತಿತ್ತು, ಇದು ಅವನನ್ನು ಉಳಿಸುತ್ತಿರಲಿಲ್ಲ. ಅವನು ನಿದ್ದೆಯಲ್ಲಿದ್ದ, ಒಬ್ಬನೇ ಇದ್ದ. ಆದರೂ ಎಲ್ಲರೂ ಗೊಂಬೆಯ ಮುಂದೆ ಮಂಡಿಯೂರಿ ತೋಳು ನೋಯುವವರೆಗೂ ಒತ್ತಿದೆವು.

ನನ್ನ ಆ ರಾತ್ರಿಯ ಮೆಸೇಜಿಗೂ ಅವನ ಸಾವಿಗೂ ಸಂಬಂಧ ಇಲ್ಲ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದರು. ನಂಬುತ್ತೇನೆ. ಹಗಲು ಹೊತ್ತು ನಂಬುತ್ತೇನೆ. ನನ್ನನ್ನು ಬಿಡದೆ ಇರುವುದು ಮೆಸೇಜಲ್ಲ, ಆ ಮೆಟ್ಟಿಲು. ಒಬ್ಬ ಹುಡುಗ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಅಂತ ಹೆಡ್‌ಫೋನಿನಲ್ಲಿ ನಾಲ್ಕು ವರ್ಷ ಕೇಳಿದವಳಿಗೆ, ಮೆಟ್ಟಿಲ ಮೇಲೆ ಅವನ ಉಸಿರು ಕಟ್ಟಿದ್ದು ಕೇಳಲಿಲ್ಲ.

ಡೆಬಿಯನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಇದೆ. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಸೇರಿ ಕಟ್ಟಿದ್ದು. 2000ದ ಆಗಸ್ಟ್‌ನಲ್ಲಿ ಅದರ 2.2 ಆವೃತ್ತಿ ಬಂದಾಗ ಅದನ್ನು ಜೋಯಲ್ ಕ್ಲೆಕರ್ ಅನ್ನುವ ಹುಡುಗನಿಗೆ ಅರ್ಪಿಸಿದರು. ಎಸ್ಪಿ ಅಂತ ಅವನನ್ನು ಕರೆಯುತ್ತಿದ್ದರು. ಆ ಜುಲೈ 11ರಂದು ತೀರಿಕೊಂಡಿದ್ದ, ಇಪ್ಪತ್ತೊಂದು ವರ್ಷ. ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಅನ್ನುವ ಸ್ನಾಯುಗಳ ಕಾಯಿಲೆ. ಜೊತೆಯಲ್ಲಿ ಕೆಲಸ ಮಾಡಿದ ಹೆಚ್ಚಿನವರಿಗೆ ಅವನು ಹಾಸಿಗೆ ಹಿಡಿದಿದ್ದಾನೆ ಅನ್ನುವುದೇ ಗೊತ್ತಿರಲಿಲ್ಲ. ಅವನ ಕೆಲಸ ಗೊತ್ತಿತ್ತು, ಅಷ್ಟೇ. ಈ ವಿಷಯ ನಾನು ಓದಿದ್ದು ಕಳೆದ ವರ್ಷ, ನಮ್ಮ ಹುಡುಗ ಹೋದ ಮೇಲೆ. ಅವರೆಲ್ಲ ದೂರ ದೂರದ ಊರುಗಳಲ್ಲಿದ್ದರು, ಒಬ್ಬರ ಮುಖ ಒಬ್ಬರು ನೋಡಿರಲಿಕ್ಕಿಲ್ಲ. ನಾವು ಒಂದೇ ಕೋಣೆಯಲ್ಲಿದ್ದೆವು.

ಹಾಗಾಗಿ ಈಗ ನಮ್ಮಲ್ಲಿ ಒಂದೆರಡು ಬದಲಾವಣೆ ಮಾಡಿಕೊಂಡಿದ್ದೇವೆ. ಸಂಜೆ ಬಂದ ಕೂಡಲೇ ಹೆಡ್‌ಫೋನ್ ಹಾಕುವುದಿಲ್ಲ, ಹತ್ತು ನಿಮಿಷ ಸುಮ್ನೆ ಕೂತು ಮಾತಾಡುತ್ತೇವೆ. ಪ್ರತಿಯೊಬ್ಬರ ಮನೆಯವರ ಒಂದು ಫೋನ್ ನಂಬರ್ ನಮ್ಮ ಹತ್ತಿರ ಇದೆ, ನಮ್ಮದು ಅವರ ಹತ್ತಿರ ಇದೆ. ರಾತ್ರಿ ಒಂಬತ್ತರ ಮೇಲೆ ಕೆಲಸದ ಮೆಸೇಜ್ ಇಲ್ಲ. ಮತ್ತೆ, ಕಚ್ಚಾ ಫೈಲುಗಳನ್ನು ಈಗ ಅಳಿಸುವುದಿಲ್ಲ. ಒಬ್ಬರು ಹೊಸ ಹಾರ್ಡ್ ಡಿಸ್ಕ್ ಕೊಡಿಸಿದ್ದಾರೆ.

ಅವನ ಫೋನನ್ನು ತಂಗಿ ಎರಡು ತಿಂಗಳ ಹಿಂದೆ ನನಗೆ ಕೊಟ್ಟಳು. ಅದರಲ್ಲಿ ಒಂದು ಫೈಲ್ ಇತ್ತು. ಎಂಟನೇ ಪಾಠ, ಕಚ್ಚಾ. ಆ ಭಾನುವಾರ ಸಂಜೆಯೇ, ನಾನು ಕೇಳುವುದಕ್ಕೆ ಮುಂಚೆಯೇ, ಶುರುಮಾಡಿದ್ದ. ನಾಲ್ಕು ನಿಮಿಷ ಇದೆ. ಒಂದೂವರೆ ಪುಟ. ಮೂರು ಕಡೆ ತಪ್ಪಿದ್ದಾನೆ. ಒಂದು ಕಡೆ ಅಮ್ಮ ಹೊರಗಿನಿಂದ ಕರೆಯುತ್ತಾರೆ, ‘ಅಮ್ಮಾ, ರೆಕಾರ್ಡಿಂಗು!’ ಅಂತ ಕೂಗುತ್ತಾನೆ, ದನಿಯಲ್ಲಿ ಸಿಟ್ಟಿದೆ. ‘ವಿಶೇಷ’ ಅನ್ನುವ ಪದ ಬಂದಾಗ ನಿಲ್ಲಿಸಿ, ಎರಡು ಸಲ ಹೇಳಿಕೊಂಡು, ಶ ಮತ್ತು ಷ ಎರಡನ್ನೂ ಬೇರೆ ಬೇರೆ ಮಾಡಿ, ಮುಂದೆ ಹೋಗುತ್ತಾನೆ.

ಅದನ್ನು ಈಗ ಹಾಕುತ್ತೇನೆ. ಅಮ್ಮ, ತಂಗಿ ಇಬ್ಬರೂ ಮುಂದಿನ ಸಾಲಿನಲ್ಲಿದ್ದಾರೆ, ಅವರನ್ನು ಕೇಳಿಯೇ ಹಾಕುತ್ತಿದ್ದೇನೆ. ಏನನ್ನೂ ಕತ್ತರಿಸಿಲ್ಲ. ಕೇಳಲು ಆಗುವುದಿಲ್ಲ ಅನ್ನುವವರು ಹೊರಗೆ ಹೋಗಿ ಬರಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಬಾಗಿಲ ಹತ್ತಿರ ಇರುವವರು ಒಂದು ಉಪಕಾರ ಮಾಡಿ. ಸ್ವಿಚ್ ನಿಮ್ಮ ಬಲಗಡೆ ಇದೆ. ಫ್ಯಾನ್ ಆಫ್ ಮಾಡಿ.